ನಾಗಸ್ವರ ವಾದಕರು

ನಾಗಸ್ವರ ವಾದಕರು ದಕ್ಷಿಣ ಭಾರತದ ದೇವಾಲಯಗಳಲ್ಲಿ, ಮದುವೆ ಮೊದಲಾದ ಶುಭಕಾರ್ಯಗಳಲ್ಲಿ ಹಾಗೂ ಸಂಗೀತ ಕಚೇರಿಗಳಲ್ಲಿ ನಾಗಸ್ವರ ನುಡಿಸುವುದನ್ನೇ ವೃತ್ತಿಯಾಗಿ ಉಳ್ಳ ಕಲಾವಿದರು. ನಾಗಸ್ವರವು (ನಾದಸ್ವರ ಎಂಬ ರೂಪವೂ ಬಳಕೆಯಲ್ಲಿದೆ) ಜೋಡಿ ಎಸಳಿನ ನಾಲಗೆಯುಳ್ಳ ಸುಷಿರ ವಾದ್ಯ. ಉತ್ತರ ಭಾರತದ ಶಹನಾಯಿ, ಉತ್ತರ ಕರ್ನಾಟಕದ ಸನಾದಿ, ಮೂಡಲಪಾಯ ಯಕ್ಷಗಾನದ ಮುಖವೀಣೆ ಮತ್ತು ಪಾಶ್ಚಾತ್ಯ ವಾದ್ಯವೃಂದದ ಓಬೋ, ಬಸೂನ್‌ಗಳು ಇದೇ ವರ್ಗಕ್ಕೆ ಸೇರುತ್ತವೆ. ಕರ್ನಾಟಕದ ಜನಸಾಮಾನ್ಯರಲ್ಲಿ ನಾಗಸ್ವರ ಮತ್ತು ಡೋಲುಗಳ ಮೇಳಕ್ಕೆ 'ವಾಲಗ' ಅಥವಾ 'ಓಲಗ' ಎಂದೂ, ನುಡಿಸುವವರಿಗೆ 'ವಾಲಗದವರು' ಎಂದೂ ಹೆಸರು.

ನಾಗಸ್ವರವನ್ನು ಮಂಗಳವಾದ್ಯವೆಂದು ಪರಿಗಣಿಸಲಾಗಿದೆ. ಅದಿಲ್ಲದೆ ತಾಳಿ ಕಟ್ಟುವುದಿಲ್ಲ, ಉತ್ಸವಮೂರ್ತಿ ಗರ್ಭಗುಡಿಯಿಂದ ಹೊರಡುವುದಿಲ್ಲ. ಆದರೆ ವಾದ್ಯಕ್ಕೆ ದೊರೆತ ಈ ಗೌರವ ವಾದಕರಿಗೆ ಅದೇ ಪ್ರಮಾಣದಲ್ಲಿ ದೊರೆಯಲಿಲ್ಲ. ಕರ್ನಾಟಕ ಸಂಗೀತದ ರಾಗಾಲಾಪನೆಯನ್ನು ಬೆಳೆಸಿದವರಲ್ಲಿ ಅಗ್ರಗಣ್ಯರಾದ ಇವರು ಬಹುಕಾಲ ಸಭೆಯ ಹೊರಗೆ, ಬೀದಿಯಲ್ಲಿ ಮತ್ತು ಚಪ್ಪರದ ಅಂಚಿನಲ್ಲಿ ನಿಂತೇ ನುಡಿಸಿದರು.

ವಾದ್ಯ ಮತ್ತು ಅದರ ನಾಲಗೆ

ನಾಗಸ್ವರದ ದೇಹವು ಕೆಳಕ್ಕೆ ಹೋದಂತೆ ಅಗಲವಾಗುವ ಮರದ ಕೊಳವೆ. ಇದಕ್ಕೆ ತಮಿಳಿನಲ್ಲಿ ಆಚ್ಚಾ ಎಂದು, ಕನ್ನಡದಲ್ಲಿ ಕಮರ ಎಂದು ಕರೆಯುವ ಗಟ್ಟಿ ಮರವನ್ನು ಬಳಸುತ್ತಾರೆ. ಹೊಸದಾಗಿ ಕಡಿದ ಮರಕ್ಕಿಂತ, ಕೆಡವಿದ ಹಳೆಯ ಮನೆಗಳ ತೊಲೆ ಕಂಬಗಳಿಂದ ಬಂದ, ವರ್ಷಗಟ್ಟಲೆ ಒಣಗಿ ಹದಗೊಂಡ ಮರವೇ ಶ್ರೇಷ್ಠವೆಂದು ತಯಾರಕರ ಅಭಿಪ್ರಾಯ. ಕುಂಭಕೋಣಂ ಸಮೀಪದ ನರಸಿಂಗಪೇಟ್ಟೈ ಗ್ರಾಮವು ನಾಗಸ್ವರ ತಯಾರಿಕೆಗೆ ಹೆಸರಾಗಿದ್ದು, 2022ರಲ್ಲಿ ಅಲ್ಲಿನ ವಾದ್ಯಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಕೊಳವೆಯಲ್ಲಿ ಬೆರಳಿಡಲು ಏಳು ರಂಧ್ರಗಳಿರುತ್ತವೆ. ತುದಿಯ ಕಡೆಗೆ ಇನ್ನೂ ಐದು ರಂಧ್ರಗಳಿದ್ದು, ಅವನ್ನು ಮೇಣದಿಂದ ಮುಚ್ಚಿ ತೆರೆದು ಸ್ವರವನ್ನು ಹೊಂದಿಸಿಕೊಳ್ಳುತ್ತಾರೆ. ವಾದ್ಯದ ವ್ಯಾಪ್ತಿ ಸುಮಾರು ಎರಡೂವರೆ ಸ್ಥಾಯಿ. ಚಿಕ್ಕದಾದ, ಹೆಚ್ಚು ಶ್ರುತಿಯ ವಾದ್ಯಕ್ಕೆ ತಿಮಿರಿ ಎಂದೂ, ಉದ್ದನೆಯ, ತಗ್ಗು ಶ್ರುತಿಯ ವಾದ್ಯಕ್ಕೆ ಬಾರಿ ಎಂದೂ ಹೆಸರು.

ವಾದಕನ ದಿನನಿತ್ಯದ ಚಿಂತೆ ಈ ಕೊಳವೆಗಿಂತ ಹೆಚ್ಚಾಗಿ ಅದರ ತುದಿಯಲ್ಲಿರುವ ನಾಲಗೆಯದು. ತಮಿಳುನಾಡಿನ ವಾದಕರು ಇದನ್ನು ಸೀವಾಳಿ ಎನ್ನುತ್ತಾರೆ. ಕಾವೇರಿ ತೀರದಲ್ಲಿ ಬೆಳೆಯುವ ಜೊಂಡಿನ ಜಾತಿಯ ಹುಲ್ಲಿನ ದಂಟನ್ನು ಹದಮಾಡಿ, ಚಪ್ಪಟೆಯಾಗಿಸಿ, ದಾರದಿಂದ ಸುತ್ತಿ ಲೋಹದ ಸಣ್ಣ ಕೊಳವೆಗೆ ಜೋಡಿಸುತ್ತಾರೆ. ತಿರುವಾವಡುದುರೈ ಈ ಕಸುಬಿಗೆ ಪ್ರಸಿದ್ಧವಾದ ಊರು. ಬಾಯೊಳಗೆ ಎರಡು ಎಸಳುಗಳು ಒಂದಕ್ಕೊಂದು ಬಡಿದು ಕಂಪಿಸಿದಾಗ ನಾದ ಹುಟ್ಟುತ್ತದೆ. ಎಸಳು ತುಸು ದಪ್ಪವಾದರೆ ಉಸಿರು ಸಾಲದು. ತೆಳುವಾದರೆ ಸ್ವರ ಸೀಳುತ್ತದೆ. ಮಳೆಗಾಲದಲ್ಲಿ ಒಂದು ರೀತಿ, ಬೇಸಗೆಯಲ್ಲಿ ಇನ್ನೊಂದು ರೀತಿ ವರ್ತಿಸುವ ಈ ಸಣ್ಣ ವಸ್ತುವನ್ನು ಪ್ರತಿಯೊಬ್ಬ ವಾದಕನೂ ತನ್ನ ತುಟಿ ಹಾಗೂ ಉಸಿರಿಗೆ ಒಗ್ಗಿಸಿಕೊಳ್ಳಬೇಕು. ಒಬ್ಬನಿಗೆ ಹೊಂದಿದ್ದು ಇನ್ನೊಬ್ಬನಿಗೆ ಹೊಂದುವುದು ಅಪರೂಪ. ವಾದ್ಯದ ಕೊರಳಿನಿಂದ ದಾರಗಳಲ್ಲಿ ಜೋತುಬಿದ್ದಿರುವ ಗೊಂಚಲು ಅಲಂಕಾರವಲ್ಲ. ಅದು ಬದಲಿ ನಾಲಗೆಗಳು ಮತ್ತು ಅವುಗಳ ಬಾಯಿಯನ್ನು ಬಿಡಿಸಿ ಸರಿಪಡಿಸುವ ದಂತದ ಅಥವಾ ಕೊಂಬಿನ ಮೊನೆ. ಕಚೇರಿಯ ನಡುವೆ ನಾಲಗೆ ಕೈಕೊಟ್ಟರೆ ಕ್ಷಣಾರ್ಧದಲ್ಲಿ ಬದಲಾಯಿಸಿ ಮುಂದುವರಿಯುವುದೂ ಕಲಿಯಬೇಕಾದ ವಿದ್ಯೆಯೇ. ಪಾಶ್ಚಾತ್ಯ ದೇಶಗಳ ಓಬೋ ವಾದಕರು ತಮ್ಮ ಬಿಡುವಿನ ವೇಳೆಯ ದೊಡ್ಡ ಪಾಲನ್ನು ನಾಲಗೆಯನ್ನು ಕೆತ್ತಿ ಹೆರೆಯುವುದರಲ್ಲಿ ಕಳೆಯುತ್ತಾರೆ. ಈ ವರ್ಗದ ವಾದ್ಯಗಾರರೆಲ್ಲರಿಗೂ ಸಮಾನವಾದ ಸಂಕಟವಿದು.

ಕಲಿಕೆ

ವೃತ್ತಿಯು ಬಹುಮಟ್ಟಿಗೆ ವಂಶಪಾರಂಪರ್ಯವಾಗಿ ನಡೆದುಬಂದಿದೆ. ಹುಡುಗನು ತಂದೆ, ಸೋದರಮಾವ ಅಥವಾ ಅಜ್ಜನ ಮೇಳದೊಂದಿಗೆ ಊರೂರು ತಿರುಗುತ್ತ ಮೊದಲು ತಾಳ ಹಾಕುತ್ತಾನೆ, ಅನಂತರ ಒತ್ತು ಹಿಡಿಯುತ್ತಾನೆ. ಒತ್ತು ಎಂಬುದು ಬೆರಳು ರಂಧ್ರಗಳಿಲ್ಲದ, ಆಧಾರಶ್ರುತಿಯನ್ನು ಮಾತ್ರ ಕೊಡುವ ಉದ್ದನೆಯ ಕೊಳವೆ. ಅದರ ನಾದ ಎಲ್ಲೂ ಕಡಿಯಬಾರದು. ಆದ್ದರಿಂದ ಕೆನ್ನೆಯಲ್ಲಿ ತುಂಬಿಕೊಂಡ ಗಾಳಿಯನ್ನು ಊದುತ್ತಲೇ ಮೂಗಿನಿಂದ ಉಸಿರೆಳೆದುಕೊಳ್ಳುವುದನ್ನು ಒತ್ತುಗಾರನು ರೂಢಿಸಿಕೊಳ್ಳಬೇಕು. ಗಂಟೆಗಟ್ಟಲೆ ಒಂದೇ ಸ್ವರವನ್ನು ಊದುವ ಈ ಕೆಲಸದಲ್ಲಿ ಕೀರ್ತಿಯಿಲ್ಲ, ಆದರೆ ಶ್ರುತಿಜ್ಞಾನವೂ ಉಸಿರಿನ ಬಲವೂ ಬರುವುದು ಅಲ್ಲಿಯೇ. ಶ್ರುತಿಪೆಟ್ಟಿಗೆ ಬಂದ ಮೇಲೆ ಒತ್ತು ಮೂಲೆಗೆ ಸೇರಿತು. ಅದರೊಂದಿಗೆ ಕಲಿಕೆಯ ಒಂದು ಮೆಟ್ಟಿಲೂ ಹೋಯಿತು ಎನ್ನಬಹುದು.

ಗಾಯನವನ್ನು ಮೊದಲು ಕಲಿಸಿ ಬಳಿಕ ವಾದ್ಯವನ್ನು ಕೈಗೆ ಕೊಡುವ ಪದ್ಧತಿ ಅನೇಕ ಮನೆತನಗಳಲ್ಲಿದೆ. ಗಮಕಗಳನ್ನು ಬೆರಳಿನಿಂದಷ್ಟೇ ಅಲ್ಲದೆ ತುಟಿಯ ಬಿಗಿ ಹಾಗೂ ಗಾಳಿಯ ಒತ್ತಡದಿಂದಲೂ ತರಬೇಕಾದುದರಿಂದ, ಸ್ವರವು ಮನಸ್ಸಿನಲ್ಲಿ ಮೊದಲೇ ಸ್ಪಷ್ಟವಿರಬೇಕಾಗುತ್ತದೆ. ಇತ್ತೀಚಿನ ದಶಕಗಳಲ್ಲಿ ಸಂಸ್ಥೆಗಳೂ ಈ ಶಿಕ್ಷಣ ನೀಡುತ್ತಿವೆ. ತಿರುಪತಿಯಲ್ಲಿ ತಿರುಮಲ ತಿರುಪತಿ ದೇವಸ್ಥಾನವು ನಾಗಸ್ವರ ಮತ್ತು ಡೋಲು ಪಾಠಶಾಲೆಯನ್ನು ನಡೆಸುತ್ತಿದೆ.

ದೇವಾಲಯ ಸೇವೆ

ದೇವಾಲಯದ ವಾದಕನ ದಿನ ಸೂರ್ಯೋದಯಕ್ಕೆ ಮುನ್ನವೇ ಆರಂಭವಾಗುತ್ತದೆ. ಮುಂಜಾನೆ ಭೂಪಾಳ, ಬೌಳಿ ಮುಂತಾದ ರಾಗಗಳು. ರಾತ್ರಿ ದೇವರ ಶಯನಕ್ಕೆ ನೀಲಾಂಬರಿ. ತಮಿಳುನಾಡಿನ ದೊಡ್ಡ ದೇವಾಲಯಗಳಲ್ಲಿ ಉತ್ಸವಮೂರ್ತಿ ಹೊರಡುವಾಗ ಗಂಭೀರನಾಟ ರಾಗದಲ್ಲಿ 'ಮಲ್ಲಾರಿ' ಎಂಬ ವಿಶಿಷ್ಟ ರಚನೆಯನ್ನು ನುಡಿಸುತ್ತಾರೆ. ಇದರಲ್ಲಿ ಸಾಹಿತ್ಯವಿಲ್ಲ, ಲಯದ ಲೆಕ್ಕಾಚಾರವೇ ಪ್ರಧಾನ. 'ರಕ್ತಿ' ಎಂಬ ಇನ್ನೊಂದು ಪ್ರಕಾರವೂ ನಾಗಸ್ವರದವರ ಸೊತ್ತೇ. ದೂರದಲ್ಲಿದ್ದವರು ಮಲ್ಲಾರಿಯನ್ನು ಕೇಳಿಯೇ ದೇವರು ಹೊರಟಿತೆಂದು ತಿಳಿಯುತ್ತಿದ್ದರು.

ಉತ್ಸವದ ರಾತ್ರಿಗಳಲ್ಲಿ ಪಲ್ಲಕ್ಕಿ ಬೀದಿಯ ಮೂಲೆಗಳಲ್ಲಿ ನಿಲ್ಲುತ್ತಿತ್ತು, ವಾದಕರು ಒಂದೇ ರಾಗವನ್ನು ಗಂಟೆಗಟ್ಟಲೆ ವಿಸ್ತರಿಸುತ್ತಿದ್ದರು. ಎರಡೂವರೆ ಗಂಟೆಯ ಸಭಾಕಚೇರಿಯಲ್ಲಿ ಹೀಗೆ ನುಡಿಸಲು ಅವಕಾಶವಿಲ್ಲ. ನಾಗಸ್ವರದ ಆಲಾಪನೆಗೆ ಇಷ್ಟು ಹರವು ಬಂದದ್ದು ಈ ಬೀದಿಗಳಿಂದಲೇ. ಜಿ. ಎನ್. ಬಾಲಸುಬ್ರಹ್ಮಣ್ಯಂ ಮೊದಲಾದ ಗಾಯಕರ ಶೈಲಿಯ ಮೇಲೆ ನಾಗಸ್ವರದ ಪ್ರಭಾವ ಸುಪರಿಚಿತ.

ಹಿಂದೆ ಈ ಸೇವೆಗೆ ಪ್ರತಿಯಾಗಿ ಭೂಮಿಯ ಉಂಬಳಿ, ಧಾನ್ಯದ ಪಾಲು ಮತ್ತು ಪ್ರಸಾದ ದೊರೆಯುತ್ತಿದ್ದವು. ಮೈಸೂರು ರಾಜ್ಯದಲ್ಲಿ 1955ರ ಧಾರ್ಮಿಕ ಮತ್ತು ಧರ್ಮಾರ್ಥ ಇನಾಂ ರದ್ದತಿ ಕಾಯ್ದೆಯ ತರುವಾಯ ಸೇವೆಗಾಗಿ ಭೂಮಿ ಕೊಡುವ ಪದ್ಧತಿ ಕೊನೆಗೊಂಡು, ದೇವಾಲಯದ ವಾದಕರು ಸಂಬಳವನ್ನೋ ಗೌರವಧನವನ್ನೋ ನೆಚ್ಚಬೇಕಾಯಿತು. ಸಣ್ಣ ದೇವಾಲಯಗಳಲ್ಲಿ ಮಂಗಳಾರತಿಯ ಹೊತ್ತಿಗೆ ಗಂಟೆ, ನಗಾರಿ, ಜಾಗಟೆಗಳನ್ನು ಒಟ್ಟಿಗೆ ಬಾರಿಸುವ ವಿದ್ಯುತ್ ಯಂತ್ರಗಳನ್ನು ಈಗ ಕಾಣಬಹುದು. ಯಂತ್ರಕ್ಕೆ ತಿಂಗಳ ಸಂಬಳ ಬೇಕಿಲ್ಲ.

ಮದುವೆ ಮನೆ

ಬಹುಪಾಲು ವಾದಕರ ಜೀವನ ನಡೆಯುವುದು ಮದುವೆಗಳಿಂದ. ಮೇಳದಲ್ಲಿ ಸಾಮಾನ್ಯವಾಗಿ ಇಬ್ಬರು ನಾಗಸ್ವರದವರು, ಒಬ್ಬರು ಅಥವಾ ಇಬ್ಬರು ಡೋಲಿನವರು, ಶ್ರುತಿಗೆ ಒಬ್ಬರು, ತಾಳಕ್ಕೆ ಒಬ್ಬರು ಇರುತ್ತಾರೆ. ಮುಖ್ಯ ವಾದಕನೇ ಒಪ್ಪಂದ ಮಾಡಿಕೊಂಡು, ಮುಂಗಡ ಪಡೆದು, ಬಂದ ಹಣವನ್ನು ಉಳಿದವರಿಗೆ ಹಂಚುತ್ತಾನೆ. ಪಂಚಾಂಗವೇ ಇವರ ಆದಾಯದ ಲೆಕ್ಕಪುಸ್ತಕ. ವೈಶಾಖದಲ್ಲಿ ಒಂದೇ ದಿನ ಮೂರು ಕಡೆಯಿಂದ ಕರೆ ಬರಬಹುದು. ಆಷಾಢ, ಪಿತೃಪಕ್ಷ ಮತ್ತು ಧನುರ್ಮಾಸಗಳಲ್ಲಿ ಮದುವೆಗಳೇ ಇರುವುದಿಲ್ಲ. ಒಳ್ಳೆಯ ಮುಹೂರ್ತಗಳೆಲ್ಲ ಕೆಲವೇ ದಿನಗಳಲ್ಲಿ ಒತ್ತೊತ್ತಾಗಿ ಬರುವುದರಿಂದ, ಬೇಡಿಕೆಯಿದ್ದಾಗಲೂ ಒಂದು ಮೇಳ ದುಡಿಯುವ ದಿನಗಳಿಗೆ ಮಿತಿಯಿದೆ. ಹೀಗಾಗಿ ಅನೇಕರು ವ್ಯವಸಾಯ, ಕ್ಷೌರಿಕ ವೃತ್ತಿ ಅಥವಾ ಬೇರೆ ಕೂಲಿಯನ್ನು ಜೊತೆಗಿಟ್ಟುಕೊಂಡಿರುತ್ತಾರೆ.

ಮದುವೆಯ ವಾದನದಲ್ಲಿ ಸಂಗೀತಕ್ಕಿಂತ ಸಮಯಪ್ರಜ್ಞೆ ಮುಖ್ಯ. ವಾದಕರು ಕಣ್ಣನ್ನು ಸದಾ ಪುರೋಹಿತರ ಕೈಯ ಮೇಲಿಟ್ಟಿರಬೇಕು. ಮಾಂಗಲ್ಯಧಾರಣೆಯ ಕ್ಷಣದಲ್ಲಿ 'ಗಟ್ಟಿಮೇಳ' ಎಂಬ ಕೂಗು ಬಂದೊಡನೆ, ನುಡಿಸುತ್ತಿದ್ದ ಕೃತಿ ಯಾವ ಘಟ್ಟದಲ್ಲಿದ್ದರೂ ಅದನ್ನು ಅಲ್ಲಿಗೇ ಬಿಟ್ಟು, ಡೋಲು ನಾಗಸ್ವರಗಳೆರಡೂ ಅತ್ಯಂತ ರಭಸದಿಂದ ಮೊಳಗಬೇಕು. ಆ ಗಳಿಗೆಯಲ್ಲಿ ಸೀನು, ಅಳು, ಅಪಶಬ್ದಗಳು ಯಾರ ಕಿವಿಗೂ ಬೀಳಬಾರದೆಂಬುದು ಅದರ ಉದ್ದೇಶ. ಅಂದರೆ ಇಡೀ ಸಮಾರಂಭದಲ್ಲಿ ವಾದಕರತ್ತ ಎಲ್ಲರ ಗಮನ ಹರಿಯುವ ಏಕೈಕ ಕ್ಷಣದಲ್ಲಿ ಅವರಿಂದ ಅಪೇಕ್ಷಿಸುವುದು ರಾಗವನ್ನಲ್ಲ, ಸದ್ದನ್ನು. ಉಳಿದ ಹೊತ್ತು ಅತಿಥಿಗಳು ಮಾತಿನಲ್ಲಿ, ಊಟದಲ್ಲಿ ತೊಡಗಿರುತ್ತಾರೆ. ಚಿತ್ರಗೀತೆಗಳನ್ನು ನುಡಿಸಬೇಕೆಂಬ ಕೋರಿಕೆ ಸಾಮಾನ್ಯ. ಬಯಲಿಗಾಗಿ ರೂಪುಗೊಂಡ ವಾದ್ಯವನ್ನು ಮುಚ್ಚಿದ ಕಲ್ಯಾಣಮಂಟಪದಲ್ಲಿ ನುಡಿಸಿದಾಗ, ಧ್ವನಿವರ್ಧಕವೂ ಸೇರಿಬಿಟ್ಟರೆ, ಸದ್ದು ಹೆಚ್ಚಾಯಿತೆಂಬ ದೂರೂ ಇವರ ಪಾಲಿಗೇ.

ವೇದಿಕೆಯ ಹಕ್ಕು: ರಾಜರತ್ನಂ ಪಿಳ್ಳೈ

ನಾಗಸ್ವರ ವಾದಕರ ಸ್ಥಾನಮಾನದ ಚರಿತ್ರೆಯಲ್ಲಿ ಟಿ. ಎನ್. ರಾಜರತ್ನಂ ಪಿಳ್ಳೈ (1898–1956) ಅವರ ಹೆಸರು ನಿರ್ಣಾಯಕ. ತಂಜಾವೂರು ಸೀಮೆಯ ತಿರುಮರುಗಲ್‌ನಲ್ಲಿ ಜನಿಸಿದ ಇವರು ತಿರುವಾವಡುದುರೈ ಮಠದ ವಿದ್ವಾಂಸರಾಗಿದ್ದರು. ತೋಡಿ ರಾಗಕ್ಕೂ ಇವರಿಗೂ ಇದ್ದ ನಂಟು ದಂತಕಥೆಯಂತೆ ಉಳಿದಿದೆ.

ಅವರ ಕಾಲದವರೆಗೆ ವಾದಕರು ನಿಂತು ಅಥವಾ ನಡೆಯುತ್ತ ನುಡಿಸುವುದು, ಮೈಮೇಲೆ ಅಂಗಿ ತೊಡದಿರುವುದು ರೂಢಿಯಾಗಿತ್ತು. ರಾಜರತ್ನಂ ಕ್ರಾಪು ಬಿಟ್ಟು, ಪಾಶ್ಚಾತ್ಯ ಉಡುಪನ್ನೂ ಧರಿಸಿದರು. ಗಾಯಕರಂತೆ ತಮಗೂ ಕುಳಿತು ನುಡಿಸಲು ವೇದಿಕೆ ಬೇಕೆಂದು ಹಠ ಹಿಡಿದರು, ಅದನ್ನು ಪಡೆದರು. ಒತ್ತಿನ ಬದಲು ತಂಬೂರಿ, ಶ್ರುತಿಪೆಟ್ಟಿಗೆಗಳನ್ನು ಬಳಸಿದರು. ಸಭಾಂಗಣಕ್ಕೆ ತಿಮಿರಿಯ ನಾದ ತೀಕ್ಷ್ಣವಾಗುತ್ತಿತ್ತು. ನರಸಿಂಗಪೇಟ್ಟೈಯ ತಯಾರಕ ರಂಗನಾಥನ್ ಆಚಾರಿಯವರೊಡನೆ ಸೇರಿ ಶುದ್ಧ ಮಧ್ಯಮವು ಸರಿಯಾಗಿ ನುಡಿಯುವ ಬಾರಿ ನಾಗಸ್ವರವನ್ನು ಅವರು ರೂಪಿಸಿಕೊಂಡರು. ಇಂದು ಕಚೇರಿಗಳಲ್ಲಿ ಬಳಕೆಯಲ್ಲಿರುವುದು ಬಹುತೇಕ ಈ ಮಾದರಿಯೇ. ಅವರ ನಡೆಯನ್ನು ಅಹಂಕಾರವೆಂದು ಆಗ ಟೀಕಿಸಿದವರಿದ್ದರು. ಆದರೆ ಗಾಯಕನು ಕೇಳದೆಯೇ ಪಡೆಯುತ್ತಿದ್ದ ಆಸನವನ್ನು ನಾಗಸ್ವರದವನು ಜಗಳವಾಡಿ ಪಡೆಯಬೇಕಾಗಿತ್ತೆಂಬುದನ್ನು ಮರೆಯುವಂತಿಲ್ಲ.

ಮದ್ರಾಸ್ ಸಂಗೀತ ಅಕಾಡೆಮಿಯ 'ಸಂಗೀತ ಕಲಾನಿಧಿ' ಗೌರವವು ರಾಜರತ್ನಂ ಅವರಿಗೆ ದೊರೆಯಲಿಲ್ಲ. ಅವರು ನಿಧನರಾದ 1956ರಲ್ಲೇ ಅದು ತಿರುವೀಳಿಮಿಳಲೈ ಸುಬ್ರಹ್ಮಣ್ಯ ಪಿಳ್ಳೈ ಅವರಿಗೆ, 1998ರಲ್ಲಿ ಶೇಖ್ ಚಿನ್ನ ಮೌಲಾನಾ ಅವರಿಗೆ ಸಂದಿತು. ಮುಂದಿನ ಪೀಳಿಗೆಯ ಕಾರುಕುರಿಚ್ಚಿ ಅರುಣಾಚಲಂ (1921–1964) ಅವರನ್ನು 1962ರ 'ಕೊಂಜುಂ ಸಲಂಗೈ' ತಮಿಳು ಚಿತ್ರವು ಮನೆಮನೆಗೆ ಪರಿಚಯಿಸಿತು. 1968ರ 'ತಿಲ್ಲಾನಾ ಮೋಹನಾಂಬಾಳ್' ಚಿತ್ರದಲ್ಲಿ ಶಿವಾಜಿ ಗಣೇಶನ್ ನಾಗಸ್ವರ ವಾದಕನ ಪಾತ್ರ ವಹಿಸಿದ್ದು, ವಾದನವು ಮದುರೈ ಸಹೋದರರಾದ ಸೇತುರಾಮನ್ ಮತ್ತು ಪೊನ್ನುಸ್ವಾಮಿ ಅವರದು. ಇಂದಿಗೂ ಅನೇಕ ಸಭೆಗಳು ತಮ್ಮ ಸಂಗೀತೋತ್ಸವವನ್ನು ನಾಗಸ್ವರದಿಂದಲೇ ಆರಂಭಿಸುತ್ತವೆ. ಇದು ಗೌರವವೂ ಹೌದು. ಶ್ರೋತೃಗಳು ಇನ್ನೂ ಬರುತ್ತಿರುವಾಗ, ಅರ್ಧ ಖಾಲಿ ಸಭಾಂಗಣಕ್ಕೆ ನುಡಿಸಬೇಕಾದ ಸರದಿಯೂ ಹೌದು.

ಸಮುದಾಯ, ಧರ್ಮ ಮತ್ತು ಮಹಿಳೆಯರು

ತಮಿಳುನಾಡಿನಲ್ಲಿ ಇಸೈ ವೆಳ್ಳಾಳರ್, ಕರ್ನಾಟಕದ ಒಳನಾಡಿನಲ್ಲಿ ಸವಿತಾ ಸಮಾಜ, ಕರಾವಳಿಯಲ್ಲಿ ದೇವಾಡಿಗ ಮೊದಲಾದ ಸಮುದಾಯಗಳು ಈ ವೃತ್ತಿಯನ್ನು ಸಾಂಪ್ರದಾಯಿಕವಾಗಿ ನಡೆಸಿಕೊಂಡು ಬಂದಿವೆ. ವಾದನವು ಜಾತಿಯೊಂದಿಗೆ ಬೆಸೆದುಕೊಂಡಿದ್ದರಿಂದ ಎರಡು ಪರಿಣಾಮಗಳಾದವು. ಮನೆತನಗಳೊಳಗೆ ವಿದ್ಯೆ ಆಳವಾಗಿ ಉಳಿಯಿತು. ಹೊರಗಿನವರು ಕಲಿಯಲು ಮುಂದೆ ಬರಲಿಲ್ಲ. ವೀಣೆ, ಪಿಟೀಲುಗಳಿಗೆ ದೊರೆತಂತೆ ಮಧ್ಯಮವರ್ಗದ ಹವ್ಯಾಸಿ ವಿದ್ಯಾರ್ಥಿಗಳು ನಾಗಸ್ವರಕ್ಕೆ ದೊರೆಯದೆ ಹೋದುದರಿಂದ, ಪಾಠ ಹೇಳಿ ಬದುಕುವ ದಾರಿಯೂ ಈ ವಾದಕರಿಗೆ ಕಿರಿದಾಯಿತು.

ಆಂಧ್ರ ಪ್ರದೇಶದಲ್ಲಿ ಮುಸ್ಲಿಂ ನಾಗಸ್ವರ ವಾದಕರ ದೀರ್ಘ ಪರಂಪರೆಯಿದೆ. ಅಲ್ಲಿನ ಕರವದಿಯಲ್ಲಿ ಜನಿಸಿದ ಶೇಖ್ ಚಿನ್ನ ಮೌಲಾನಾ (1924–1999) ತಂಜಾವೂರು ಶೈಲಿಯನ್ನು ಕಲಿಯಲು ತಮಿಳುನಾಡಿಗೆ ಬಂದು ಶ್ರೀರಂಗದಲ್ಲಿ ನೆಲೆಸಿದರು. ಅವರ ಶಿಷ್ಯ ದಂಪತಿಗಳಾದ ಶೇಖ್ ಮಹಬೂಬ್ ಸುಭಾನಿ ಮತ್ತು ಕಾಲೀಶಾಬಿ ಮಹಬೂಬ್ ಅವರಿಗೆ 2020ರಲ್ಲಿ ಪದ್ಮಶ್ರೀ ಪ್ರಶಸ್ತಿ ಘೋಷಣೆಯಾಯಿತು.

ಮಹಿಳಾ ವಾದಕಿಯರು ವಿರಳ. ಮದುರೈಯ ಎಂ. ಎಸ್. ಪೊನ್ನುತಾಯಿ (ನಿಧನ 2012) ಈ ವೃತ್ತಿಗೆ ಬಂದ ಮೊದಲ ಮಹಿಳೆಯರಲ್ಲಿ ಒಬ್ಬರು. ಉಸಿರಿನ ಬಲ ಸಾಲದೆಂಬ ಮಾತು ಕೇವಲ ನೆಪ. ರಾತ್ರಿಯ ಮೆರವಣಿಗೆಗಳು, ಗಂಡಸರ ಮೇಳದೊಂದಿಗಿನ ಪ್ರಯಾಣ, ಎಲ್ಲಕ್ಕಿಂತ ಮಿಗಿಲಾಗಿ 'ಮಂಗಳ' ಎಂಬ ಪರಿಕಲ್ಪನೆಯೇ ಅಡ್ಡಿಯಾದವು: ವಿಧವೆಯಾದ ವಾದಕಿಯನ್ನು ಶುಭಕಾರ್ಯಕ್ಕೆ ಕರೆಯಲು ಸಮಾಜ ಹಿಂಜರಿಯುತ್ತದೆ. ಪತ್ನಿಯನ್ನು ಕಳೆದುಕೊಂಡ ವಾದಕನಿಗೆ ಈ ತೊಡಕಿಲ್ಲ.

ಸನಾದಿ ಮತ್ತು ಶಹನಾಯಿ

ಉತ್ತರ ಕರ್ನಾಟಕದಲ್ಲಿ ಇದೇ ಸ್ಥಾನ ಸನಾದಿಯದು. ಕೊರಮ, ಭಜಂತ್ರಿ ಮೊದಲಾದ ಸಮುದಾಯಗಳ ವಾದಕರು ಅದನ್ನು ಮದುವೆ, ಜಾತ್ರೆಗಳಲ್ಲಿ ನುಡಿಸುತ್ತಾರೆ. ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಯನ್ನು ಆಧರಿಸಿದ 1977ರ 'ಸನಾದಿ ಅಪ್ಪಣ್ಣ' ಚಿತ್ರದಲ್ಲಿ ರಾಜ್‌ಕುಮಾರ್ ಅಂಥ ವಾದಕನ ಪಾತ್ರ ವಹಿಸಿದರು. ತೆರೆಯ ಮೇಲೆ ಅವರು ನುಡಿಸುವಂತೆ ಕಾಣುವ ಶಹನಾಯಿ ಬಿಸ್ಮಿಲ್ಲಾ ಖಾನ್ (1916–2006) ಅವರದು. ಮದುವೆಯ ಬಾಗಿಲಲ್ಲಿದ್ದ ಶಹನಾಯಿಯನ್ನು ಸಂಗೀತ ಸಮ್ಮೇಳನದ ವೇದಿಕೆಗೆ ಒಯ್ದ ಖಾನರಿಗೆ 2001ರಲ್ಲಿ ಭಾರತರತ್ನ ಸಂದಿತು. ಹಳ್ಳಿಯ ಸನಾದಿ ವಾದಕರ ಸ್ಥಿತಿ ಅದರಿಂದ ಬದಲಾಯಿತೆನ್ನಲು ಆಧಾರಗಳಿಲ್ಲ.

ಸ್ಯಾಕ್ಸೊಫೋನಿನ ಪೈಪೋಟಿ

ಕರ್ನಾಟಕದಲ್ಲಿ, ವಿಶೇಷವಾಗಿ ಕರಾವಳಿಯಲ್ಲಿ, ನಾಗಸ್ವರದ ಜಾಗವನ್ನು ಇಂದು ಅನೇಕ ಕಡೆ ಸ್ಯಾಕ್ಸೊಫೋನ್ ಆಕ್ರಮಿಸಿದೆ. ಇದಕ್ಕೆ ಕಾರಣಕರ್ತರು ನಾಗಸ್ವರದ ಮನೆಯವರೇ ಆಗಿರುವುದು ಕುತೂಹಲಕರ. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಜನಿಸಿದ ಕದ್ರಿ ಗೋಪಾಲನಾಥ್ ಅವರ ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತ ಗೋಪಾಲನಾಥ್, ವರ್ಷಗಳ ಸಾಧನೆಯಿಂದ ಅದನ್ನು ಗಮಕಗಳಿಗೆ ಒಗ್ಗಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಪಡೆದರು. 2019ರಲ್ಲಿ ಅವರು ನಿಧನರಾಗುವ ಹೊತ್ತಿಗೆ ಸ್ಯಾಕ್ಸೊಫೋನ್ ವಾದಕರ ದೊಡ್ಡ ಪೀಳಿಗೆಯೇ ಸಿದ್ಧವಾಗಿತ್ತು.

ಈ ಬದಲಾವಣೆಗೆ ಫ್ಯಾಷನ್ನೊಂದೇ ಕಾರಣವಲ್ಲ. ಸ್ಯಾಕ್ಸೊಫೋನಿನದು ಒಂಟಿ ಎಸಳಿನ ನಾಲಗೆ. ಕಾರ್ಖಾನೆಯಲ್ಲಿ ತಯಾರಾಗಿ, ದಪ್ಪದ ಸಂಖ್ಯೆಯೊಂದಿಗೆ ಪೆಟ್ಟಿಗೆಯಲ್ಲಿ ಸಿಗುತ್ತದೆ. ಸದ್ದನ್ನು ಸಭಾಂಗಣಕ್ಕೆ ತಕ್ಕಂತೆ ತಗ್ಗಿಸಬಹುದು. ಊದಲು ಬೇಕಾದ ಉಸಿರಿನ ಒತ್ತಡ ಕಡಿಮೆ. ಜಾತಿಯ ಗುರುತು ಅದಕ್ಕೆ ಅಂಟಿಕೊಂಡಿಲ್ಲವೆಂಬುದೂ ಗೌಣವಲ್ಲ. ನಾಗಸ್ವರ ಹಿಡಿದವನು 'ವಾಲಗದವನು' ಆದರೆ, ಸ್ಯಾಕ್ಸೊಫೋನ್ ಹಿಡಿದ ಅವನ ಮಗ 'ಕಲಾವಿದ' ಆಗುತ್ತಾನೆ. ವಿಪರ್ಯಾಸವೆಂದರೆ, ಅಮೆರಿಕದ ಹೆಸರಾಂತ ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ (1923–2009) ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆದು ನಾಗಸ್ವರ ಕಲಿತರು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದೊಂದಿಗೂ ಅವರು ನುಡಿಸಿದ್ದಾರೆ.

ಇತ್ತೀಚಿನ ಸ್ಥಿತಿ

ಆಕಾಶವಾಣಿಯು ನಾಗಸ್ವರ ವಾದಕರನ್ನು ಇತರ ಸಂಗೀತಗಾರರಂತೆ ಧ್ವನಿಪರೀಕ್ಷೆ ನಡೆಸಿ ಶ್ರೇಣಿ ನೀಡಿ ಗುರುತಿಸುತ್ತದೆ. ಶ್ರೇಣಿ ಪಡೆದವರಿಗೆ ಅದು ಆದಾಯಕ್ಕಿಂತ ಹೆಚ್ಚಾಗಿ ಕರಪತ್ರದಲ್ಲಿ ಅಚ್ಚು ಹಾಕಿಸಬಹುದಾದ ಗೌರವ. ವೃತ್ತಿಯ ಅವಧಿ ದೇಹವನ್ನು ಅವಲಂಬಿಸಿದೆ. ಮುಂದಿನ ಹಲ್ಲುಗಳು ಬಿದ್ದರೆ ತುಟಿಯ ಹಿಡಿತ ಸಡಿಲವಾಗುತ್ತದೆ. ಗಾಯಕನಂತೆ ಎಂಬತ್ತರ ವಯಸ್ಸಿನಲ್ಲಿ ಕಚೇರಿ ಮಾಡುವ ನಾಗಸ್ವರದವರು ಅಪರೂಪ. ಖಾಸಗಿ ಮೇಳಗಳಲ್ಲಿ ದುಡಿದವರಿಗೆ ನಿವೃತ್ತಿವೇತನದ ಮಾತಿಲ್ಲ.

2020ರಲ್ಲಿ ಕೋವಿಡ್ ನಿಮಿತ್ತ ದೇಶಾದ್ಯಂತ ಲಾಕ್‌ಡೌನ್ ಜಾರಿಗೆ ಬಂದ ಮಾರ್ಚ್ 25, ಯುಗಾದಿಯ ದಿನವಾಗಿತ್ತು. ಚೈತ್ರ, ವೈಶಾಖಗಳ ಮುಹೂರ್ತಗಳು, ರಥೋತ್ಸವಗಳು ಎಲ್ಲವೂ ಆಗ ನಿಂತುಹೋದವು. 2021ರ ಎರಡನೆಯ ಅಲೆಯೂ ಏಪ್ರಿಲ್, ಮೇ ತಿಂಗಳುಗಳಲ್ಲೇ ಬಂದುದರಿಂದ, ವರ್ಷದ ಬಹುಪಾಲು ಸಂಪಾದನೆ ಕೈಸೇರುವ ಋತು ಎರಡು ಬಾರಿ ತಪ್ಪಿತು. ಮದುವೆಗಳು ಮತ್ತೆ ಆರಂಭವಾದಾಗ ಅತಿಥಿಗಳ ಸಂಖ್ಯೆಯೊಂದಿಗೆ ಮೇಳದ ಗಾತ್ರವೂ ಇಳಿದಿತ್ತು: ಒಂದು ನಾಗಸ್ವರ, ಒಂದು ಡೋಲು ಮತ್ತು ವಿದ್ಯುತ್ ಶ್ರುತಿಪೆಟ್ಟಿಗೆ.